9 ತಿಂಗಳ ಮಗು ಅಜ್ಜಿಯ ಕೈಗೂ ಹೋಗುವುದಿಲ್ಲ, ಏಕೆ?

ಪ್ರಶ್ನೆ: ಎಲ್ಲರ ಬಳಿಯೂ ನಗುತ್ತಾ ಹೋಗುತ್ತಿದ್ದ ಮಗಳಿಗೆ ಈಗ 9 ತಿಂಗಳು. ಹೊಸ ಮುಖ ಕಂಡರೆ ಕಿರುಚಿ ಅಳುತ್ತಾಳೆ. ಎತ್ತಿಕೊಂಡು ಎತ್ತಿಕೊಂಡು ಕೆಡಿಸಿದ್ದೀಯ ಎಂದು ಮನೆಯಲ್ಲಿ ಬೈಯುತ್ತಾರೆ. ನನ್ನದೇ ತಪ್ಪೇ?
– ಒಬ್ಬ ತಾಯಿ, ದಾವಣಗೆರೆ

ನಿಮ್ಮ ತಪ್ಪೇನೂ ಇಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದುಹೋದ ಮೇಲಂತೂ ಇದೇ ಪ್ರಶ್ನೆ.

5 ತಿಂಗಳ ಮಗುವಿನ ಮುಂದಿರುವ ಗಿಲಕಿಯ ಮೇಲೆ ಕರವಸ್ತ್ರ ಹೊದಿಸಿ ನೋಡಿ. ಗಿಲಕಿ ಇರಲೇ ಇಲ್ಲವೆಂಬಂತೆ ಮುಖ ತಿರುಗಿಸುತ್ತದೆ. 9 ತಿಂಗಳಿಗೆ ಅದೇ ಮಗು ಬಟ್ಟೆಯನ್ನು ಎಳೆದು ಬಿಸಾಡುತ್ತದೆ. ಕಾಣದಿದ್ದರೂ ವಸ್ತು ಅಲ್ಲಿಯೇ ಇದೆ ಎಂದು ಅದಕ್ಕೀಗ ಗೊತ್ತು. ಅಮ್ಮ ಎಲ್ಲೋ ಇದ್ದಾಳೆ, ಇಲ್ಲಿಲ್ಲ ಎಂಬುದೂ ಗೊತ್ತು. ಯಾವಾಗ ಬರುತ್ತಾಳೆ ಎಂಬುದೊಂದು ಗೊತ್ತಿಲ್ಲ. ಪರಿಚಿತ ಮುಖ ಯಾವುದು, ಹೊಸದು ಯಾವುದು ಎಂದು ಗುರುತಿಸುವ ಬುದ್ಧಿ ಬಲಿತಿರುವುದೂ ಈಗಲೇ. ಆ ಅಳು ಬೆಳವಣಿಗೆಯ ಗುರುತು. ಕೂಡುಕುಟುಂಬದಲ್ಲಿ ಹತ್ತು ಕೈಗಳಲ್ಲಿ ಆಡಿದ ಮಗುವೂ ಹೀಗೆ ಅಳುತ್ತದೆ. ಇದಕ್ಕೆ ದೃಷ್ಟಿ ತೆಗೆಯುವುದು ಬೇಡ, ಸೊಸೆಯನ್ನು ಬೈಯುವುದಂತೂ ಬೇಡವೇ ಬೇಡ.

ಎತ್ತಿಕೊಂಡರೆ ಕೆಡುತ್ತದೆ ಎಂಬ ಮಾತಂತೂ ಸಾಯುವುದೇ ಇಲ್ಲ. ಮನೋವಿಜ್ಞಾನಿಗಳಾದ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಶಿಶುಗಳನ್ನು ಅವರವರ ಮನೆಯಲ್ಲಿಯೇ ಮೊದಲ ವರ್ಷವಿಡೀ ಗಮನಿಸಿ, 1972ರಲ್ಲಿ ವರದಿ ಪ್ರಕಟಿಸಿದರು. ಅತ್ತಾಗ ತಡಮಾಡದೆ ಓಗೊಟ್ಟ ತಾಯಂದಿರ ಮಕ್ಕಳೇ ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಕರೆದರೆ ಯಾರಾದರೂ ಬರುತ್ತಾರೆ ಎಂಬ ಭರವಸೆ ಇರುವ ಮಗು ಕೂಗಿ ಕೂಗಿ ಏಕೆ ಕರೆಯಬೇಕು?

ಅಜ್ಜಿ ಬಂದ ಕೂಡಲೇ ಮಗುವನ್ನು ಕಿತ್ತುಕೊಳ್ಳದಿರಲಿ. ಪಕ್ಕದಲ್ಲಿ ಕುಳಿತು ಮೊದಲು ನಿಮ್ಮೊಂದಿಗೆ ಮಾತನಾಡಲಿ, ಮಗುವೇ ಕೈ ಚಾಚಲಿ. ಸೆರಗಿನಲ್ಲಿ ಮುಖ ಮುಚ್ಚಿ "ಅಮ್ಮ ಎಲ್ಲಿ?" ಎಂದು ಕೇಳಿ ಇಣುಕುವ ಆಟವನ್ನು ದಿನವೂ ಆಡಿ. ಹೋದವಳು ಮರಳಿ ಬರುತ್ತಾಳೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಆಟಿಕೆ ಯಾವ ಅಂಗಡಿಯಲ್ಲಿಯೂ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮಗುವಿನ ಕಣ್ಣು ತಪ್ಪಿಸಿ ಹೊರಗೆ ಹೋಗಬೇಡಿ. ಈಗಲೂ ಬೇಡ, 3 ವರ್ಷಕ್ಕೆ ಅಂಗನವಾಡಿಗೆ ಬಿಡುವಾಗಲೂ ಬೇಡ. ಹೇಳದೆ ಮಾಯವಾಗುವ ಅಮ್ಮನನ್ನು ಮಗು ಕ್ಷಣವೂ ಬಿಡದೆ ಕಾಯತೊಡಗುತ್ತದೆ. ನಮ್ಮೂರಿನ ಅಂಗನವಾಡಿಯೊಂದರಲ್ಲಿ ತಾಯಿಯೊಬ್ಬಳು "ಊಟ ಆದಮೇಲೆ ಬರುತ್ತೇನೆ" ಎಂದು ಹೇಳಿ, ಅಳುತ್ತಿದ್ದ ಮಗನಿಗೆ ಕೈಬೀಸಿ ಹೋದದ್ದನ್ನು ನೋಡಿದ್ದೇನೆ. ಗಡಿಯಾರ ತಿಳಿಯದ ಹುಡುಗನಿಗೆ ಊಟ ತಿಳಿಯುತ್ತದೆ. ಮಧ್ಯಾಹ್ನ ಕೊನೆಯ ತುತ್ತನ್ನು ನುಂಗಿ, ಕೈತೊಳೆದು, ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದ. ಅಮ್ಮ ಅಲ್ಲಿ ನಿಂತಿದ್ದಳು.