ರಾಕೆಟ್ ಎಲ್ಲಿಯವರೆಗೆ ಒಯ್ಯುತ್ತದೆ?

ವಿಕ್ರೋಲಿಯ ಗೋದ್ರೇಜ್ ಎಂದರೆ ಮುಂಬೈ ಕನ್ನಡಿಗರಲ್ಲಿ ಹಲವರಿಗೆ ನೆನಪಾಗುವುದು ಕಪಾಟು, ಬೀಗ. ಇಸ್ರೊ ರಾಕೆಟ್‌ಗಳ ವಿಕಾಸ್ ಎಂಜಿನ್‌ಗಳೂ ಅಲ್ಲಿ ತಯಾರಾಗುತ್ತವೆ. ಒಂದು ಜಿಎಸ್‌ಎಲ್‌ವಿ ರಾಕೆಟ್ ಹಾರಲು ಇಂಥ ಐದು ಎಂಜಿನ್ ಬೇಕು: ಪಕ್ಕದ ನಾಲ್ಕು ಬೂಸ್ಟರ್‌ಗಳಿಗೆ ಒಂದೊಂದು, ಎರಡನೆಯ ಹಂತಕ್ಕೆ ಒಂದು. ಇದನ್ನು ಬಲ್ಲ ಇಲ್ಲಿನ ಗೆಳೆಯರಿಗೆ, 2024ರ ನವೆಂಬರ್‌ನಲ್ಲಿ ಭಾರತದ ಜಿಸ್ಯಾಟ್-ಎನ್2 ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ಏರಿ ಹೋದದ್ದು ಮುಖಭಂಗದಂತೆ ಕಂಡಿತು. ಆ ಸಂಪರ್ಕ ಉಪಗ್ರಹದ ತೂಕ 4,700 ಕಿಲೊ. ನಮ್ಮ ಅತಿ ಬಲಿಷ್ಠ ರಾಕೆಟ್ ಎಲ್‌ವಿಎಂ-3 ಅಂಥ ಉಪಗ್ರಹಗಳ ಕಕ್ಷೆಗೆ ಹೊರಬಲ್ಲದ್ದು ಸುಮಾರು 4,000 ಕಿಲೊ. ಅಲ್ಲಿ ಇದ್ದದ್ದು ತೂಕದ ಲೆಕ್ಕ ಮಾತ್ರ. ಆದರೆ ದಾರಿ ತೋರಿಸುವ ಉಪಗ್ರಹಗಳಿಗೆ ಯಾರ ರಾಕೆಟ್ ಎಂಬ ಪ್ರಶ್ನೆ ಕೇಳಿದರೆ ಉತ್ತರ ಇಷ್ಟು ಸುಲಭವಲ್ಲ.

ನ್ಯಾವಿಗೇಶನ್ ಉಪಗ್ರಹದ ಜೀವಾಳ ಅದರೊಳಗಿನ ಪರಮಾಣು ಗಡಿಯಾರ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂಬುದನ್ನು ಉಪಗ್ರಹ ಸದಾ ಸಾರುತ್ತಿರುತ್ತದೆ. ಸಂಕೇತ ನಮ್ಮ ಮೊಬೈಲ್ ತಲುಪಲು ತಗಲಿದ ಸಮಯದಿಂದ ದೂರ ಗೊತ್ತಾಗುತ್ತದೆ. ಮೈಕ್ರೊಸೆಕೆಂಡಿನಷ್ಟು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಹೀಗಾಗಿ ಉಪಗ್ರಹ ಮೇಲಕ್ಕೆ ಹೋದರೆ ಸಾಲದು, ನಿಗದಿತ ಕಕ್ಷೆಯಲ್ಲಿ ನೆಲೆಸಬೇಕು. ಜಿಪಿಎಸ್‌ನ ನೆಲೆ ಸುಮಾರು 20,200 ಕಿ.ಮೀ. ಎತ್ತರದಲ್ಲಿದೆ, ಯುರೋಪಿನ ಗೆಲಿಲಿಯೊದ್ದು 23,222 ಕಿ.ಮೀ., ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್‌ನದ್ದು ಸುಮಾರು 36,000 ಕಿ.ಮೀ.

ಈ ನೆಲೆ ಸೇರಲು ಎರಡು ಬಗೆಗಳಿವೆ. ಒಂದರಲ್ಲಿ ರಾಕೆಟ್ ಉಪಗ್ರಹವನ್ನು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು ತನ್ನ ಕೆಲಸ ಮುಗಿಸುತ್ತದೆ. ಉಳಿದ ದೂರವನ್ನು ಉಪಗ್ರಹವೇ ತನ್ನ ಎಂಜಿನ್ ಉರಿಸಿಕೊಂಡು ಕ್ರಮಿಸಬೇಕು. ಲೋಕಲ್ ರೈಲು ಘಾಟ್ಕೋಪರ್‌ನಲ್ಲಿ ಇಳಿಸಿದ ಮೇಲೆ ಮನೆಯವರೆಗೆ ನಡೆದು ಹೋಗುವಂತೆ. ಇನ್ನೊಂದರಲ್ಲಿ ರಾಕೆಟ್‌ನ ಕೊನೆಯ ಹಂತ ಗಂಟೆಗಟ್ಟಲೆ ತೇಲಿ, ಮತ್ತೆ ಹೊತ್ತಿಕೊಂಡು, ನೇರವಾಗಿ ನೆಲೆಗೇ ತಲುಪಿಸುತ್ತದೆ. ಹೊಸ ಜಿಪಿಎಸ್-3 ಉಪಗ್ರಹಗಳು ಸ್ವಂತ ಎಂಜಿನ್ ಹೊತ್ತ ಮೊದಲ ಬಗೆಯವು. ಗೆಲಿಲಿಯೊ ಎರಡನೆಯದು. ಅದರಲ್ಲಿರುವುದು ಕಕ್ಷೆಯನ್ನು ತಿದ್ದಿಕೊಳ್ಳುವ ಪುಟ್ಟ ಥ್ರಸ್ಟರ್‌ಗಳು ಮಾತ್ರ.

ಬಾಡಿಗೆಯ ರಾಕೆಟ್‌ಗೂ ಈ ವ್ಯತ್ಯಾಸ ದುಬಾರಿಯಾಗುತ್ತದೆ. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಸೊಯುಜ್ ಕೈತಪ್ಪಿ, ಸ್ವಂತ ಏರಿಯಾನ್-6 ತಡವಾದಾಗ ಯುರೋಪ್ ಫಾಲ್ಕನ್-9ರ ಮೊರೆಹೋಯಿತು. 2024ರ ಏಪ್ರಿಲ್‌ನಲ್ಲಿ ಎರಡು ಗೆಲಿಲಿಯೊಗಳನ್ನು ಒಯ್ದ ಬೂಸ್ಟರ್‌ಗೆ, ಅಂದರೆ ಮರಳಿ ಇಳಿದು ಮತ್ತೆ ಹಾರುವ ಮೊದಲ ಹಂತಕ್ಕೆ, ಅದು 20ನೇ ಹಾರಾಟ. ಇಂಧನವನ್ನೆಲ್ಲ ಮೇಲಕ್ಕೇರಲು ವ್ಯಯಿಸಿದ್ದರಿಂದ ಅದು ಮರಳಿ ಇಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೆರಡನ್ನು ಒಯ್ಯುವ ಹೊತ್ತಿಗೆ ಲೆಕ್ಕಾಚಾರವನ್ನು ಪರಿಷ್ಕರಿಸಿ ಬೂಸ್ಟರನ್ನು ಇಳಿಸಿಕೊಂಡರು. ಇಷ್ಟಕ್ಕೂ ಮುನ್ನ, ಗೆಲಿಲಿಯೊದ ರಹಸ್ಯ ತಂತ್ರಜ್ಞಾನದ ರಕ್ಷಣೆಗಾಗಿ ಅಮೆರಿಕದೊಂದಿಗೆ ಒಪ್ಪಂದವೇ ಬೇಕಾಯಿತು.

ನೇರವಾಗಿ ನೆಲೆ ಸೇರಿಸುವ ದಾರಿಯಲ್ಲೂ ಅಪಾಯವಿದೆ. 2014ರ ಆಗಸ್ಟ್‌ನಲ್ಲಿ ಸೊಯುಜ್‌ನ ಕೊನೆಯ ಹಂತದಲ್ಲಿ, ಕೊರೆಯುವ ಹೀಲಿಯಂ ಕೊಳವೆಗೆ ತಾಗಿಕೊಂಡಿದ್ದ ಇಂಧನದ ಕೊಳವೆ ಹೆಪ್ಪುಗಟ್ಟಿ, ಎರಡು ಗೆಲಿಲಿಯೊಗಳು ತಪ್ಪು ಕಕ್ಷೆ ಸೇರಿದವು. ವಿಜ್ಞಾನಿಗಳು ಅವನ್ನು ಕೈಬಿಡಲಿಲ್ಲ ಎಂಬುದು ನನಗೆ ಅಪಾರ ಸಂತೋಷ ಕೊಡುವ ಸಂಗತಿ. ದಿನಕ್ಕೆರಡು ಸಲ ಸುಮಾರು 8,500 ಕಿ.ಮೀ. ಏರಿಳಿಯುತ್ತಿದ್ದ ಆ ಗಡಿಯಾರಗಳು, ಗುರುತ್ವ ಬದಲಾದಂತೆ ಕಾಲದ ವೇಗವೂ ಬದಲಾಗುತ್ತದೆಂಬ ಐನ್‌ಸ್ಟೈನ್ ಮಾತನ್ನು ಪರೀಕ್ಷಿಸಲು ಹೇಳಿಮಾಡಿಸಿದಂತಿದ್ದವು. 2018ರಲ್ಲಿ ಪ್ರಕಟವಾದ ಫಲಿತಾಂಶ, 1976ರ ರಾಕೆಟ್ ಪ್ರಯೋಗದ ನಿಖರತೆಯನ್ನು ಸುಮಾರು ಐದು ಪಟ್ಟು ಮೀರಿಸಿತು.

ನಮ್ಮ ನಾವಿಕ್ ಉಪಗ್ರಹ ಎನ್‌ವಿಎಸ್-02ಕ್ಕೆ ಅಂಥ ಎರಡನೆಯ ಬದುಕು ಸಿಗಲಿಲ್ಲ. 2025ರ ಜನವರಿ 29ರಂದು ಶ್ರೀಹರಿಕೋಟದ ನೂರನೇ ಉಡಾವಣೆಯಲ್ಲಿ ಜಿಎಸ್‌ಎಲ್‌ವಿ ತನ್ನ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿ, 2,250 ಕಿಲೊ ತೂಕದ ಉಪಗ್ರಹವನ್ನು ಮೊಟ್ಟೆಯಾಕಾರದ ಕಕ್ಷೆಗೆ ಸೇರಿಸಿತು. ಆ ಕಕ್ಷೆಯ ಕೆಳತುದಿ ಸುಮಾರು 170 ಕಿ.ಮೀ. ಎತ್ತರದಲ್ಲಿತ್ತು. ಅಲ್ಲಿಂದ ಉಪಗ್ರಹ ತಾನೇ ಏರಬೇಕಾದಾಗ, ಎಂಜಿನ್‌ಗೆ ಆಕ್ಸಿಡೈಸರ್, ಅಂದರೆ ಇಂಧನ ಉರಿಯಲು ಬೇಕಾದ ವಸ್ತು, ಬಿಡುವ ಕವಾಟ ತೆರೆಯಲಿಲ್ಲ. ಒಳಗಿದ್ದ ಸ್ವದೇಶಿ ಪರಮಾಣು ಗಡಿಯಾರ ನೆಲೆ ಸೇರಲೇ ಇಲ್ಲ. 2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದಂತೆ, ಉಡಾಯಿಸಿದ 11 ಉಪಗ್ರಹಗಳಲ್ಲಿ ಸ್ಥಾನ ತೋರಿಸುವ ಸೇವೆ ಕೊಡುತ್ತಿದ್ದವು ನಾಲ್ಕೇ ನಾಲ್ಕು. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಲು ಕನಿಷ್ಠ ಬೇಕಾದಷ್ಟು. ಒಂದು ಕೆಟ್ಟರೂ ನಾವಿಕ್ ಒಂದನ್ನೇ ನಂಬಿದವರ ಲೆಕ್ಕ ಕೂಡಿಬರುವುದಿಲ್ಲ. ಸಾಸೂನ್ ಡಾಕ್‌ನಿಂದ ಹೊರಟು ದಡ ಕಾಣದ ದೂರಕ್ಕೆ ಹೋಗುವ ದೋಣಿಗಳಲ್ಲಿ ದುಡಿಯುವವರಿಗೆ ಇದು ಪ್ರತಿಷ್ಠೆಯ ವಿಷಯವಲ್ಲ.

ಹಾಗಾಗಿ ಯಾರ ರಾಕೆಟ್ ಎನ್ನುವುದಕ್ಕಿಂತ ಆ ರಾಕೆಟ್ ಎಲ್ಲಿಯವರೆಗೆ ಒಯ್ಯುತ್ತದೆ ಎಂಬ ಪ್ರಶ್ನೆ ನನಗೆ ಮುಖ್ಯ. 36,000 ಕಿ.ಮೀ.ಗೆ ನೇರವಾಗಿ ಒಯ್ಯುವ ಸೇವೆ ದುಡ್ಡಿಗೆ ಸಿಗುತ್ತದೆ. 2022ರ ನವೆಂಬರ್‌ನಲ್ಲಿ ಫಾಲ್ಕನ್ ಹೆವಿ ಅಮೆರಿಕದ ಸೇನೆಯ ಉಪಗ್ರಹಗಳನ್ನು ಹಾಗೆಯೇ ಒಯ್ದಿತು. ಆದರೆ ಬೆಲೆ ಹೆಚ್ಚು. ಮೇಲಾಗಿ ಸೇನೆಗೆಂದೇ ಮೀಸಲಾದ ಸಂಕೇತವನ್ನೂ ಹೊತ್ತ ನಾವಿಕ್ ಉಪಗ್ರಹವನ್ನು ಪರದೇಶದ ಉಡಾವಣಾ ಕೇಂದ್ರಕ್ಕೆ ಕಳುಹಿಸುವುದು ಸಣ್ಣ ನಿರ್ಧಾರವಲ್ಲ. ನಮ್ಮದೇ ದಾರಿಯೂ ತೆರೆಯುತ್ತಿದೆ: ಎಲ್‌ವಿಎಂ-3ರ ಸಿಇ-20 ಕ್ರಯೋಜೆನಿಕ್ (ಅತಿಶೀತಲ ಇಂಧನದ) ಎಂಜಿನ್ನನ್ನು ಬಾಹ್ಯಾಕಾಶದಲ್ಲಿ ಮತ್ತೆ ಹೊತ್ತಿಸುವ ಗುರಿಯಿಂದ, 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ನಿರ್ವಾತದಲ್ಲಿ ಉರಿಸಿ ನೋಡಲಾಯಿತು. ಆ ಸಾಮರ್ಥ್ಯ ಪಕ್ವವಾಗುವವರೆಗೆ ಒಂದೆರಡು ನಾವಿಕ್ ಉಪಗ್ರಹಗಳನ್ನಾದರೂ ಬಾಡಿಗೆಯ ರಾಕೆಟ್‌ನಲ್ಲಿ, ಯುರೋಪ್ ಮಾಡಿಕೊಂಡಂಥ ಒಪ್ಪಂದದ ರಕ್ಷಣೆಯಲ್ಲಿ, ನೇರವಾಗಿ ನೆಲೆಗೇ ಕಳುಹಿಸಬೇಕೆಂಬುದು ನನ್ನ ಅಭಿಪ್ರಾಯ.