ಒಂದೇ ತೊಟ್ಟಿ ನೀರಿನಲ್ಲಿ ಮನೆಮಂದಿಯೆಲ್ಲ ಸ್ನಾನವೇ?

ಪ್ರಶ್ನೆ: ಮಗನ ಸಂಸಾರ ಜಪಾನಿಗೆ ಹೊರಟಿದೆ. ಅಲ್ಲಿ ತೊಟ್ಟಿಗೆ ಒಮ್ಮೆ ನೀರು ತುಂಬಿಸಿ ಮನೆಯವರೆಲ್ಲ ಅದರಲ್ಲೇ ಸ್ನಾನ ಮಾಡುತ್ತಾರಂತೆ. ಹೌದೇ? ಕೊಳಕಲ್ಲವೇ?

ಉತ್ತರ: ನೀರು ಒಂದೇ, ಹೌದು. ಕೊಳಕಲ್ಲ. ಜಪಾನಿನಿಂದ ಪ್ರತಿ ಸಲ ಊರಿಗೆ ಬಂದಾಗಲೂ ಕಾಫಿ ಲೋಟ ಕೆಳಗಿಡುವ ಮೊದಲೇ ಯಾರಾದರೊಬ್ಬರು ಇದನ್ನು ಕೇಳುತ್ತಾರೆ, ಕೇಳುವಾಗಲೇ ಮೂಗು ಮುರಿದಿರುತ್ತಾರೆ. ಹೇಳಿ ಹೇಳಿ ಬಾಯಿ ಒಣಗಿದೆ. ಈ ಸಲ ಬರೆದೇ ಇಡುತ್ತೇನೆ.

ತಂಟೆಯೆಲ್ಲ 'ಸ್ನಾನ' ಎಂಬ ಮಾತಿನದು. ಆ ತೊಟ್ಟಿಯಲ್ಲಿ ಯಾರೂ ಮೈ ತೊಳೆಯುವುದಿಲ್ಲ. ಜಪಾನೀಯರ ಬಚ್ಚಲು ನಮ್ಮ ಬಚ್ಚಲಿನಂತೆಯೇ. ನೆಲಕ್ಕೆ ಸುರಿದ ನೀರು ಹರಿದುಹೋಗುತ್ತದೆ. ತೊಟ್ಟಿಯ ಪಕ್ಕದಲ್ಲಿ ಮಣೆಗಿಂತ ತುಸು ಎತ್ತರದ ಸ್ಟೂಲು, ಒಂದು ಬೋಗುಣಿ, ಕೈಶವರ್. ಸೋಪು, ಶಾಂಪೂ, ಬೆನ್ನುಜ್ಜುವುದು ಎಲ್ಲ ಆ ಸ್ಟೂಲಿನ ಮೇಲೆ ಕುಳಿತೇ ಮುಗಿಯಬೇಕು. ಕಿವಿಯ ಹಿಂದೆ ಒಂದಿಷ್ಟು ನೊರೆಯೂ ಉಳಿಯಬಾರದು. ಹಾಗೆ ಶುಚಿಯಾದ ಮೇಲೆ 40–42 ಡಿಗ್ರಿಯ ನೀರಿಗಿಳಿದು ಕುತ್ತಿಗೆಯವರೆಗೆ ಮುಳುಗಿ ಕೂರುವುದು. ಅದು ತೊಳೆಯುವ ನೀರಲ್ಲ, ಮೈ ಕಾಯಿಸಿಕೊಳ್ಳುವ ನೀರು. ಎದ್ದವರು ಬಿಸಿ ಆರದಂತೆ ತೊಟ್ಟಿಗೆ ಮುಚ್ಚಳ ಹಾಕುತ್ತಾರೆ. ಆರಿದರೂ ಚಿಂತೆಯಿಲ್ಲ, ಬಹಳಷ್ಟು ಮನೆಗಳಲ್ಲಿ ಗೋಡೆಯ ಮೇಲಿನ ಗುಂಡಿ ಒತ್ತಿದರೆ ಅದೇ ನೀರು ಮತ್ತೆ ಕಾಯುತ್ತದೆ.

ಇಷ್ಟು ವಿವರಿಸಿದ ಮೇಲೂ 'ಆದರೂ ಎಂಜಲು ನೀರಲ್ಲವೇ' ಎನ್ನುವವರಿದ್ದಾರೆ. ಅವರ ಕಣ್ಣಮುಂದೆ ಇರುವುದು ಸಿನಿಮಾದ ತೊಟ್ಟಿ: ನೊರೆಯೊಳಗೆ ಮಲಗಿ, ಅದರಲ್ಲೇ ಕಾಲುಜ್ಜಿ, ಅದರಲ್ಲೇ ಏಳುವುದು. ಅದು ಪಶ್ಚಿಮದವರ ರೂಢಿ; ಹಾಗೆ ಮಾಡುವುದನ್ನು ಕಂಡರೆ ಜಪಾನೀಯರಿಗೂ ಹೇಸಿಗೆ. ಇನ್ನೊಂದು ಮಾತು. ತುಲಾ ಸಂಕ್ರಮಣದಂದು ತಲಕಾವೇರಿಯ ಪುಟ್ಟ ಕೊಳದಲ್ಲಿ ಸಾಲುಗಟ್ಟಿ ಮುಳುಗಿ ಏಳುವಾಗ ನಿಮಗೆ ಈ ಪ್ರಶ್ನೆ ಬರುವುದಿಲ್ಲ. ಸೋಪು ಹಚ್ಚಿ ತೊಳೆದುಕೊಂಡ ನಾಲ್ವರು ಒಂದು ತೊಟ್ಟಿಗಿಳಿದರೆ ಬರುತ್ತದೆ. ಏಕೆಂದು ನೀವೇ ಯೋಚಿಸಿ.

ತಿಳಿಯದೆ ಕೆಡಿಸುವವರು ಹೊಸಬರೇ. ಜಪಾನಿಗೆ ಹೋದ ಮೊದಲ ಚಳಿಗಾಲದಲ್ಲಿ ಪರಿಚಯದವರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಅತಿಥಿಯೆಂದು ನನ್ನನ್ನೇ ಮೊದಲು ಬಚ್ಚಲಿಗೆ ಕಳಿಸಿದರು. ಅದು ಅಲ್ಲಿನ ಮರ್ಯಾದೆ. ಬಿಸಿನೀರಲ್ಲಿ ಹಾಯಾಗಿ ಕುಳಿತೆದ್ದು, ನನ್ನ ಕೊಳೆಯನ್ನು ಇತರರಿಗೇಕೆ ಬಿಡಬೇಕೆಂದು ಬಿರಡೆ ಕಿತ್ತೆ. ಗೊಳಗೊಳ ಸದ್ದು ಮಾಡುತ್ತಾ ನೀರೆಲ್ಲ ಇಳಿದುಹೋಯಿತು. ಹೊರಬಂದರೆ ಮನೆಯ ಹಿರಿಯರು ಕುತ್ತಿಗೆಗೆ ಟವೆಲ್ ಹಾಕಿಕೊಂಡು ಸರದಿಗೆ ಕಾದಿದ್ದಾರೆ. ಯಾರೂ ಒಂದು ಮಾತು ಆಡಲಿಲ್ಲ. ಮನೆಯಾಕೆ ನಗುತ್ತಲೇ ಒಳಗೆ ಹೋಗಿ ಮತ್ತೆ ನಲ್ಲಿ ತಿರುಗಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೊಸೆಗೆ ಬೇರೇನೂ ಹೇಳದಿದ್ದರೂ ಇದನ್ನೊಂದು ಹೇಳಿ ಕಳಿಸಿ: ಬಿರಡೆ ಮುಟ್ಟಬೇಡ.

ಕಡೆಯವರ ಸ್ನಾನವಾದ ಮೇಲೂ ಎಷ್ಟೋ ಮನೆಗಳಲ್ಲಿ ಆ ನೀರನ್ನು ಚೆಲ್ಲುವುದಿಲ್ಲ ಎಂದರೆ ನೀವು ಇನ್ನಷ್ಟು ಹೌಹಾರಬಹುದು. ಅಲ್ಲಿ ಮಾರುವ ಎಷ್ಟೋ ವಾಷಿಂಗ್ ಮಷಿನ್‌ಗಳಿಗೆ ತೊಟ್ಟಿಯ ನೀರನ್ನು ಎಳೆದುಕೊಳ್ಳುವ ಪಂಪೂ ಪೈಪೂ ಇರುತ್ತವೆ. ಬಟ್ಟೆ ಒಗೆಯಲು ಆ ನೀರು, ಕೊನೆಯ ಜಾಲಿಸುವಿಕೆಗೆ ನಲ್ಲಿಯ ನೀರು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಬೆಂಗಳೂರಿನವರು ಇದಕ್ಕೆ ಮೂಗು ಮುರಿಯಬಾರದು.

ಇನ್ನು ಯಾರೂ ಕೇಳದ, ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕೊಳಕು ಯಾರ ಬಚ್ಚಲು? ಒಮ್ಮೆ ನನ್ನ ಜಪಾನೀ ಗೆಳತಿ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಬಚ್ಚಲ ಬಾಗಿಲು ತೆರೆದವಳು ಅಲ್ಲೇ ನಿಂತಳು. ಕಮೋಡಿನಿಂದ ಎರಡಡಿ ದೂರದಲ್ಲಿ ಸ್ನಾನದ ಬಕೆಟ್ಟು. 'ಇಲ್ಲೇ ಮೈ ತೊಳೆಯುತ್ತೀರಾ?' ಎಂದು ಬಹಳ ಮೆತ್ತಗೆ ಕೇಳಿದಳು. ಅವರ ಮನೆಗಳಲ್ಲಿ ಶೌಚದ ಕೋಣೆ ಬೇರೆ, ಬಚ್ಚಲು ಬೇರೆ. ಎಷ್ಟೋ ಕಡೆ ಶೌಚಕ್ಕೆಂದೇ ಪ್ರತ್ಯೇಕ ಚಪ್ಪಲಿ. ನಮ್ಮ ಅಜ್ಜಿಯ ಮನೆಯಲ್ಲಿಯೂ ಕಕ್ಕಸು ಹಿತ್ತಲಿನ ಕೊನೆಗೆ, ಹಂಡೆ ಹೂತ ಬಚ್ಚಲು ಅಡುಗೆಮನೆಯ ಪಕ್ಕಕ್ಕೆ ಇತ್ತು. ನಡುವೆ ಅದನ್ನು ಕೈಬಿಟ್ಟವರು ನಾವು.

ಹಾಗೆಂದು ಜಪಾನಿನ ಮನೆಗಳೆಲ್ಲ ಹಾಗಿಲ್ಲ. ಅಗ್ಗದ ಒಂದು ಕೋಣೆಯ ಮನೆಗಳಲ್ಲಿ ತೊಟ್ಟಿ, ಕಮೋಡ್, ಬೇಸಿನ್ ಮೂರನ್ನೂ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿ ತುರುಕಿರುತ್ತಾರೆ. ಅಲ್ಲಿ ಸ್ಟೂಲು ಹಾಕಲು ಜಾಗವಿಲ್ಲ, ಮೊದಲು ತೊಳೆದು ಆಮೇಲೆ ಇಳಿಯುವ ಕ್ರಮವೂ ನಡೆಯುವುದಿಲ್ಲ. ಮಗ ಮನೆ ಹುಡುಕುವಾಗ ಬಾಡಿಗೆಯ ಜಾಹೀರಾತಿನಲ್ಲಿ 'ಬಸು-ತೊಯಿರೆ ಬೆತ್ಸು' ಎಂದಿದೆಯೇ ನೋಡಲಿ. ಬಚ್ಚಲು ಬೇರೆ, ಶೌಚ ಬೇರೆ ಎಂದರ್ಥ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡಲಿ.