ಮನುಷ್ಯರ ಚಂದ್ರಯಾನ: ಡಾಕಿಂಗ್‌ನಿಂದ ಓದಲು ಶುರು ಮಾಡಿ

ಈ ಪಾಠ ಓದುವಾಗ ಎಲ್ಲರೂ ಮೊದಲು ಉರು ಹೊಡೆಯುವುದು ಇಸವಿ ಮತ್ತು ಹೆಸರು. ಮನುಷ್ಯರು ಮೊದಲ ಸಲ ಚಂದ್ರನ ಮೇಲೆ ಇಳಿದ 1969ರ ಜುಲೈ 20, ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್. ಅವೂ ಬೇಕು. ಆದರೆ ಅವರು ಹೋಗಿ ಬಂದದ್ದು ಹೇಗೆ ಅಂತ ಅರ್ಥವಾಗಬೇಕಾದರೆ ಡಾಕಿಂಗ್ ಹಿಡಿದುಕೊಳ್ಳಿ. ಬಾಹ್ಯಾಕಾಶದಲ್ಲಿ ಹಾರುತ್ತಿರುವ ಎರಡು ನೌಕೆಗಳು ಹತ್ತಿರ ಬಂದು ಒಂದಕ್ಕೊಂದು ಜೋಡಿಕೊಳ್ಳುವುದೇ ಡಾಕಿಂಗ್.

ಮೂಲ ತೊಂದರೆ ತೂಕದ್ದು. ಚಂದ್ರನ ಮೇಲೆ ಇಳಿಸಿದ್ದನ್ನು ವಾಪಸ್ ಮೇಲೆತ್ತಲು ಇಂಧನ ಬೇಕು. ಆ ಇಂಧನವನ್ನು ಅಲ್ಲಿಗೆ ಹೊತ್ತೊಯ್ಯಲು ಇನ್ನಷ್ಟು ಇಂಧನ ಬೇಕು. ಹಾಗಾದರೆ ಇಡೀ ನೌಕೆಯನ್ನು ಯಾಕೆ ಇಳಿಸಬೇಕು? ಬೆಟ್ಟ ಹತ್ತುವವರು ಭಾರದ ಗಂಟನ್ನು ಬುಡದಲ್ಲೇ ಇಟ್ಟು ಹೋಗುತ್ತಾರೆ, ಅಲ್ವಾ? ಹಾಗೇ ಮನೆಗೆ ಮರಳುವ ನೌಕೆ ಚಂದ್ರನ ಸುತ್ತ ತಿರುಗುತ್ತಿರಲಿ, ಒಂದು ಹಗುರ ನೌಕೆ ಮಾತ್ರ ಇಳಿದು, ಮೇಲೆ ಬಂದು ಅದಕ್ಕೆ ಜೋಡಿಕೊಳ್ಳಲಿ. ನಾಸಾದ ಎಂಜಿನಿಯರ್ ಜಾನ್ ಹೂಬೋಲ್ಟ್ ಈ ದಾರಿಗಾಗಿ ಪಟ್ಟು ಹಿಡಿದರು. 1961ರಲ್ಲಿ ಮೇಲಧಿಕಾರಿಗಳನ್ನು ದಾಟಿ ನೇರವಾಗಿ ನಾಸಾದ ಹಿರಿಯರಿಗೇ ಪತ್ರ ಬರೆದರು. 1962ರಲ್ಲಿ ನಾಸಾ ಒಪ್ಪಿತು. ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ನಾಸಾದ ಯೋಜನೆ ಅಪೋಲೋದ ಇಡೀ ಕತೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ತೀರ್ಮಾನ ಇದೇ.

ಆಗ ಡಾಕಿಂಗ್ ಯಾರೂ ಮಾಡಿರಲಿಲ್ಲ. ಮೊದಲು ಮಾಡಿದ್ದು 1966ರ ಮಾರ್ಚ್‌ನಲ್ಲಿ, ಭೂಮಿ ಸುತ್ತುವ ಜೆಮಿನಿ-8 ನೌಕೆಯಲ್ಲಿ, ಇದೇ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್. ಜೋಡಣೆಯೇನೋ ಆಯಿತು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಎಂಜಿನ್ ಕೆಟ್ಟು ನೌಕೆ ಗಿರಗಿರನೆ ತಿರುಗತೊಡಗಿತು. ಬೇರ್ಪಟ್ಟ ಮೇಲೆ ವೇಗ ಇನ್ನೂ ಜಾಸ್ತಿ ಆಯಿತು, ಸೆಕೆಂಡಿಗೆ ಸುಮಾರು ಒಂದು ಸುತ್ತು. ಭೂಮಿಗೆ ಇಳಿಯುವಾಗ ಬಳಸಬೇಕಿದ್ದ ಎಂಜಿನ್‌ಗಳನ್ನು ಹಚ್ಚಿ ಆರ್ಮ್‌ಸ್ಟ್ರಾಂಗ್ ಅದನ್ನು ನಿಲ್ಲಿಸಿದರು.

ಈಗ ಚಂದ್ರನ ಮೇಲೆ ಇಳಿದ ನೌಕೆಯನ್ನು ನೋಡಿ. ತೂಕ ಉಳಿಸಲು ಅದರಲ್ಲಿ ಸೀಟೇ ಇರಲಿಲ್ಲ, ಇಳಿದ ಇಬ್ಬರೂ ನಿಂತೇ ಓಡಿಸಿದರು. ಮೇಲೇರಲು ಇದ್ದದ್ದು ಒಂದೇ ಎಂಜಿನ್. ಅದು ಕೈಕೊಟ್ಟರೆ ಬೇರೆ ದಾರಿಯಿಲ್ಲ. ಅದಕ್ಕೇ, ಒಂದಕ್ಕೊಂದು ತಾಗಿದ ಕೂಡಲೇ ತಾವಾಗೇ ಹೊತ್ತಿಕೊಳ್ಳುವ ಎರಡು ದ್ರವಗಳನ್ನು ಅದಕ್ಕೆ ಇಂಧನ ಮಾಡಿದ್ದರು, ಕಿಡಿ ಹಚ್ಚುವ ಗೊಡವೆಯೇ ಇಲ್ಲ. ಮೊದಲ ಸಲ ಇಳಿದ ಆ ಅಪೋಲೋ-11ರಲ್ಲಿ ಈ ಎಂಜಿನ್‌ಗೆ ಬೇಕಾದ ಒಂದು ಸ್ವಿಚ್ಚಿನ ತುದಿ ಮುರಿದಿತ್ತು. ಆಲ್ಡ್ರಿನ್ ಸ್ಕೆಚ್ ಪೆನ್ ತೂರಿಸಿ ಅದನ್ನು ಒತ್ತಿದರು.

ಎರಡು ನೌಕೆ ಇದ್ದದ್ದರಿಂದ ಜೀವವೂ ಉಳಿಯಿತು. 1970ರಲ್ಲಿ ಅಪೋಲೋ-13ರ ಆಮ್ಲಜನಕದ ಟ್ಯಾಂಕ್ ಸಿಡಿದಾಗ ಮೂವರೂ ಇಳಿಯುವ ನೌಕೆಗೆ ಸೇರಿಕೊಂಡು ಅದರ ಗಾಳಿ, ವಿದ್ಯುತ್ತಿನ ಮೇಲೆ ಬದುಕಿದರು. 1972ರ ಡಿಸೆಂಬರ್‌ನ ಅಪೋಲೋ-17ರ ಹೊತ್ತಿಗೆ ಚಂದ್ರನ ಮೇಲೆ ನಡೆದವರು 12 ಜನ. ಇದೇ ಓಟದಲ್ಲಿದ್ದ ಸೋವಿಯತ್ ಒಕ್ಕೂಟದ ಚಂದ್ರನ ರಾಕೆಟ್ ಎನ್-1 ನಾಲ್ಕು ಸಲ ಹಾರಿ ನಾಲ್ಕು ಸಲವೂ ಸೋತಿತು.

ಇನ್ನು ಮುಂದಿನ ಕತೆ. ಅಲ್ಲೂ ಜೋಡಣೆಯದ್ದೇ ಕೆಲಸ. ಅಮೆರಿಕದ ಆರ್ಟೆಮಿಸ್ ಯೋಜನೆಯಲ್ಲಿ ಜನರನ್ನು ಒಯ್ಯುವ ಓರಿಯನ್ ಬೇರೆ, ಇಳಿಯುವ ನೌಕೆ ಬೇರೆ. ಇಳಿಯಲು ಆರಿಸಿದ ನೌಕೆಗಳಲ್ಲಿ ಒಂದಾದ ಸ್ಟಾರ್‌ಶಿಪ್‌ಗೆ ಭೂಮಿಯ ಕಕ್ಷೆಯಲ್ಲೇ ಬೇರೆ ನೌಕೆಗಳಿಂದ ಇಂಧನ ತುಂಬಬೇಕು. 2030ರೊಳಗೆ ಇಳಿಯುವ ಗುರಿಯಿಟ್ಟಿರುವ ಚೀನಾ, ಜನರನ್ನೂ ಇಳಿಯುವ ನೌಕೆಯನ್ನೂ ಎರಡು ರಾಕೆಟ್‌ಗಳಲ್ಲಿ ಕಳಿಸಿ ಚಂದ್ರನ ಕಕ್ಷೆಯಲ್ಲಿ ಸೇರಿಸಲಿದೆ.

ಇದನ್ನೆಲ್ಲ ಓದಿದ ಮೇಲೆ ಇಸ್ರೋದ ಡಾಕಿಂಗ್ ಪ್ರಯೋಗ ಸ್ಪೇಡೆಕ್ಸ್ ನೋಡಿದರೆ ಅದರ ಬೆಲೆ ತಿಳಿಯುತ್ತದೆ. 2025ರ ಜನವರಿ 16ರಂದು ತಲಾ 220 ಕಿಲೋ ತೂಕದ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಜೋಡಿಯಾದವು. ಈ ಕೆಲಸ ಮಾಡಿದ ನಾಲ್ಕನೇ ದೇಶ ಭಾರತ. ಚಂದ್ರನ ಮಣ್ಣು ತರಬೇಕಾದ ಚಂದ್ರಯಾನ-4 ಎರಡು ರಾಕೆಟ್‌ಗಳಲ್ಲಿ ಹೋಗಿ ಕಕ್ಷೆಯಲ್ಲಿ ಸೇರಬೇಕು. 2040ರ ಹೊತ್ತಿಗೆ ಭಾರತೀಯರೊಬ್ಬರನ್ನು ಚಂದ್ರನ ಮೇಲೆ ಇಳಿಸುವ ಗುರಿಗೂ ಇದೇ ಕೌಶಲ ಬೇಕು.